ಅಲ್ಲಾಹನು ನೋಡುತ್ತಿದ್ದಾನೆ

ನೀವೆಲ್ಲಿದ್ದರೂ ಅಲ್ಲಾಹನು ನಿಮ್ಮೊಂದಿಗಿದ್ದಾನೆ. ಅವನ ಅರಿವು ತಲುಪದ ಸ್ಥಳವಿಲ್ಲ, ಅವನ ದೃಷ್ಟಿಗೆ ಮರೆಯಾದ ವಸ್ತುವಿಲ್ಲ. ಇದನ್ನು ನೀವು ಬಾಲ್ಯದಲ್ಲೇ ಮದ್ರಸದಲ್ಲಿ ಕಲಿತಿದ್ದೀರಿ. ಆದರೆ ಈ ವಿಶ್ವಾಸವು ನಾಲಿಗೆಯಿಂದ ಹೃದಯಕ್ಕಿಳಿದರೆ ಮನುಷ್ಯನು ಏನಾಗುತ್ತಾನೆ? ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರ(ರಹ್) ಜೀವನವನ್ನು ನೋಡಿರಿ.

ಅವರ ಚರಿತ್ರೆಯು ಒಂದು ಬಡ ಮನೆಯಿಂದ ಆರಂಭವಾಗುತ್ತದೆ. ಹ. ಉಮರ್(ರ) ಒಂದು ರಾತ್ರಿ ಮದೀನಾದಲ್ಲಿ ಗಸ್ತು ತಿರುಗುತ್ತಿದ್ದಾಗ, ಹಾಲಿಗೆ ನೀರು ಬೆರೆಸುವಂತೆ ತಾಯಿಯೊಬ್ಬಳು ಮಗಳಿಗೆ ಹೇಳುತ್ತಿದ್ದುದು ಕೇಳಿಸಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಖಲೀಫರು ಅದನ್ನು ನಿಷೇಧಿಸಿದ್ದಾರೆಂದು ಮಗಳು ನೆನಪಿಸಿದಳು. ಅವರೇನು ಇಲ್ಲಿ ನೋಡುತ್ತಿಲ್ಲವಲ್ಲ ಎಂದಳು ತಾಯಿ. ಅವರು ನೋಡದಿದ್ದರೂ ಅವರ ಪ್ರಭು ನೋಡುತ್ತಿದ್ದಾನೆಂದ ಮಗಳು ನೀರು ಬೆರೆಸಲಿಲ್ಲ. ಹ. ಉಮರ್(ರ) ಆ ಹುಡುಗಿಯನ್ನೇ ಮಗ ಆಸಿಮ್‌ರಿಗೆ ವಿವಾಹ ಮಾಡಿಸಿ ಸೊಸೆಯಾಗಿ ತಂದುಕೊಂಡರು. ಅವರ ಮಗಳು ಉಮ್ಮು ಆಸಿಮ್. ಉಮ್ಮು ಆಸಿಮ್‌ರ ಮಗನೇ ಉಮರ್ ಬಿನ್ ಅಬ್ದುಲ್ ಅಝೀಝ್.

ಉಮವೀ ಮನೆತನದ ಈ ಯುವಕರು ಸುಖದಲ್ಲೇ ಬೆಳೆದರು. ಬೆಲೆಬಾಳುವ ಉಡುಪು, ಸುಗಂಧ ಅವರಿಗೆ ಪ್ರಿಯವಾಗಿತ್ತು. ಕ್ರಿ.ಶ. 706ರಲ್ಲಿ ಮದೀನಾದ ಗವರ್ನರ್ ಆದರು. 717ರಲ್ಲಿ ಖಲೀಫಾ ಸುಲೈಮಾನ್ ತೀರಿಕೊಂಡಾಗ ಆಡಳಿತದ ಹೊಣೆಯು ಅವರ ಹೆಗಲೇರಿತು. ಅಂದಿನಿಂದ ಅವರ ಬದುಕೇ ಬದಲಾಯಿತು. ತಮ್ಮ ಜಹಗೀರುಗಳನ್ನು ಮರಳಿಸಿದರು. ಬಂಧುಗಳು ಕಸಿದುಕೊಂಡಿದ್ದನ್ನು ಹಕ್ಕುದಾರರಿಗೆ ಕೊಡಿಸಿದರು. ಇಸ್ಲಾಮ್ ಸ್ವೀಕರಿಸಿದವರಿಂದ ಜಿಝ್ಯಾ ವಸೂಲಿ ಮಾಡುವುದನ್ನು ನಿಲ್ಲಿಸಿದರು. ರಾತ್ರಿ ಸರಕಾರಿ ಕೆಲಸ ಮುಗಿದು ಸ್ವಂತ ಮಾತು ಬಂದರೆ, ಬೈತುಲ್ ಮಾಲ್‌ನ ಎಣ್ಣೆಯ ದೀಪವನ್ನು ಆರಿಸಿ ತಮ್ಮ ದೀಪವನ್ನು ಹಚ್ಚುತ್ತಿದ್ದರೆಂದು ವರದಿಯಾಗಿದೆ. ಒಂದು ಹನಿ ಎಣ್ಣೆಯ ಲೆಕ್ಕವನ್ನು ಖಲೀಫರಿಂದ ಕೇಳುವವರು ಭೂಮಿಯ ಮೇಲೆ ಯಾರಿದ್ದರು?

ಪತ್ನಿ ಫಾತಿಮಾ, ಖಲೀಫಾ ಅಬ್ದುಲ್ ಮಲಿಕ್‌ರ ಮಗಳು. ತಂದೆ ಕೊಟ್ಟ ಆಭರಣವನ್ನು ಬೈತುಲ್ ಮಾಲ್‌ಗೆ ಒಪ್ಪಿಸುವಿರೋ, ನನ್ನನ್ನು ತೊರೆಯುವಿರೋ ಎಂದು ಪತಿ ಕೇಳಿದಾಗ ಆಕೆ ಆಭರಣವನ್ನು ಒಪ್ಪಿಸಿದರು. 720ರಲ್ಲಿ, ಆಡಳಿತಕ್ಕೆ ಎರಡೂವರೆ ವರ್ಷ ತುಂಬುವ ಮೊದಲೇ, ಉಮರ್ ಸಿರಿಯಾದ ದೈರ್ ಸಿಮ್‌ಆನ್‌ನಲ್ಲಿ ನಿಧನರಾದರು. ಹೊಸ ಖಲೀಫಾ ಯಝೀದ್ ಫಾತಿಮಾರ ಸಹೋದರ. ಅವರು ಆಭರಣವನ್ನು ಮರಳಿ ಕೊಡಲು ಮುಂದಾದರು. ಈಗ ತಡೆಯಲು ಪತಿ ಇರಲಿಲ್ಲ. ಆದರೂ ಆಕೆ ಮುಟ್ಟಲಿಲ್ಲ.

ಪ್ರಿಯ ಓದುಗರೇ, ತಕ್ಕಡಿ ಹಿಡಿಯುವಾಗ, ಕಚೇರಿಯ ವಸ್ತುವನ್ನು ಮನೆಗೆ ತರುವಾಗ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಾಗ ನಿಮ್ಮನ್ನು ತಡೆಯುವುದು ಯಾವುದು? ತನ್ನ ಮೊಮ್ಮಗ ಖಲೀಫರಾಗುವರೆಂದು ಆ ಹುಡುಗಿಗೆ ತಿಳಿದಿರಲಿಲ್ಲ. ಅಲ್ಲಾಹನು ನೋಡುತ್ತಿದ್ದಾನೆಂದು ಮಾತ್ರ ತಿಳಿದಿತ್ತು. ನಿಮ್ಮ ಮಕ್ಕಳಿಗೂ ಅದನ್ನು ಕಲಿಸಿರಿ, ಮೊದಲು ನಿಮ್ಮ ನಡತೆಯಿಂದ.