ಹುಲ್ದ್ರಿಖ್ ಜ್ವಿಂಗ್ಲಿಯೂ ಕರ್ತನ ಪಂಕ್ತಿಯೂ

ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವದು ಎಷ್ಟು ದೊಡ್ಡ ಸಂಗತಿಯೆಂಬದನ್ನು ಮುಧೋಳ, ರನ್ನ ಬೆಳಗಲಿ ಸೀಮೆಯ ನಮ್ಮ ವಾಚಕರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಆದರೆ ಸುವಾರ್ತೆಯನ್ನು ಪ್ರೀತಿಸಿದವರೊಳಗೇ ಕರ್ತನ ಪಂಕ್ತಿಯು ಎರಡಾದದ್ದು ಹೇಗೆಂಬದನ್ನು ಅನೇಕರು ಅರಿಯರು. ಆದಕಾರಣ ಜ್ವಿಂಗ್ಲಿಯ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಈತನು 1484ನೇ ಇಸವಿ ಜನವರಿ 1ರಂದು ಸ್ವಿಟ್ಜರ್ಲೆಂಡ್ ದೇಶದ ವಿಲ್ಡ್‌ಹೌಸ್ ಎಂಬ ಬೆಟ್ಟದ ಹಳ್ಳಿಯಲ್ಲಿ ರೈತನ ಮಗನಾಗಿ ಹುಟ್ಟಿದನು. 1519ರಲ್ಲಿ ಜೂರಿಕ್ ಪಟ್ಟಣದ ದೊಡ್ಡ ದೇವಾಲಯದ ಬೋಧಕನಾಗಿ, ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಕ್ರಮವಾಗಿ ಜನರಿಗೆ ವಿವರಿಸತೊಡಗಿದನು. ಅದೇ ವರುಷ ಪ್ಲೇಗುಬೇನೆ ಬರಲಾಗಿ ರೋಗಿಗಳ ಸೇವೆಮಾಡಿ, ತಾನೂ ಅದಕ್ಕೆ ಬಿದ್ದು, ಸಾವಿನ ಬಾಗಿಲಿನಿಂದ ತಿರುಗಿ ಬಂದನು.

ಗುರುವು ಪ್ರತಿಷ್ಠಿಸಿದ ಮೇಲೆ ರೊಟ್ಟಿಯು ತೋರ್ಕೆಗೆ ಮಾತ್ರ ರೊಟ್ಟಿ, ನಿಜವಾಗಿ ಕ್ರಿಸ್ತನ ಶರೀರವೆಂಬದು ರೋಮನ್ ಸಭೆಯ ಬೋಧನೆ. ಪಾತ್ರೆಯನ್ನಂತೂ ಗುರುಗಳೇ ಕುಡಿಯುತ್ತಿದ್ದರು, ಜನರಿಗೆ ಕೊಡುತ್ತಿರಲಿಲ್ಲ. 1525ರ ಪುನರುತ್ಥಾನದ ಹಬ್ಬದಲ್ಲಿ ಜೂರಿಕಿನಲ್ಲಿ ಇದೆಲ್ಲಾ ಬದಲಾಯಿತು. ಜನರ ನಡುವೆ ಒಂದು ಮೇಜನ್ನಿಟ್ಟು, ಮರದ ತಟ್ಟೆಗಳಲ್ಲಿ ರೊಟ್ಟಿಯನ್ನೂ ಮರದ ಬಟ್ಟಲುಗಳಲ್ಲಿ ದ್ರಾಕ್ಷಾರಸವನ್ನೂ ಕೂತಲ್ಲಿಗೇ ತಂದುಕೊಟ್ಟರು. ಪ್ರತಿಯೊಬ್ಬನು ತನ್ನ ಕೈಯಿಂದಲೇ ತುಂಡನ್ನು ಮುರಿದುಕೊಂಡನು. ಬೆಳ್ಳಿಬಂಗಾರದ ಪಾತ್ರೆಗಳಿಲ್ಲದ ಬಡಸಭೆಯವರು ಆ ಮರದ ಬಟ್ಟಲುಗಳನ್ನು ನೆನಸಿಕೊಂಡು ಸಂತೋಷಪಡಬಹುದು.

ಜರ್ಮನಿಯಲ್ಲಿ ಲೂಥರನೂ ರೋಮಿನ ಬೋಧನೆಯನ್ನು ಬಿಟ್ಟಿದ್ದನು. ಆದರೆ ರೊಟ್ಟಿಯು ರೊಟ್ಟಿಯಾಗಿದ್ದರೂ ಅದರ ಸಂಗಡ ಕ್ರಿಸ್ತನ ನಿಜವಾದ ಶರೀರವು ಇದೆಯೆಂದು ಹಿಡಿದನು. ಜ್ವಿಂಗ್ಲಿಯಾದರೋ, ಕರ್ತನ ಶರೀರವು ಪರಲೋಕದಲ್ಲಿ ತಂದೆಯ ಬಲಗಡೆಯಲ್ಲಿರುವದರಿಂದ ರೊಟ್ಟಿಯು ಆತನ ಮರಣದ ಗುರುತೂ ಜ್ಞಾಪಕವೂ ಆಗಿದೆಯೆಂದು ಕಲಿಸಿದನು. ಇವರನ್ನು ಒಂದುಮಾಡಬೇಕೆಂದು ಹೆಸ್ಸೆ ಸೀಮೆಯ ಅರಸನಾದ ಫಿಲಿಪ್ಪನು 1529ರ ಅಕ್ಟೋಬರದಲ್ಲಿ ಇಬ್ಬರನ್ನೂ ತನ್ನ ಮಾರ್ಬುರ್ಗ್ ಕೋಟೆಗೆ ಕರಿಸಿದನು. ಲೂಥರನು ರೊಟ್ಟಿಯನ್ನು ಕುರಿತು ಕರ್ತನು ಆಡಿದ ಮಾತನ್ನು ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟು, ಅದರಿಂದ ಕದಲಲಿಲ್ಲ. 15 ಸೂತ್ರಗಳಲ್ಲಿ 14ಕ್ಕೆ ಇಬ್ಬರೂ ಪೂರ್ಣವಾಗಿ ಒಪ್ಪಿದರು. 15ನೇದರಲ್ಲಿಯೂ ಪಾತ್ರೆಯನ್ನು ಎಲ್ಲರಿಗೂ ಕೊಡತಕ್ಕದ್ದೆಂದು ಒಪ್ಪಿದರು. ಶರೀರದ ಮಾತೊಂದೇ ಉಳಿಯಿತು. ಜ್ವಿಂಗ್ಲಿಯು ಕಣ್ಣೀರಿಡುತ್ತಾ ಸಹೋದರತ್ವವನ್ನು ಬೇಡಿದನು; ಲೂಥರನು ಕೊಡಲಿಲ್ಲ. ಕರ್ತನ ಒಂದು ಮಾತನ್ನು ಸಡಿಲುಮಾಡಿದರೆ ಮಿಕ್ಕ ಮಾತುಗಳೂ ಉಳಿಯವೆಂದು ಆತನು ಅಂಜಿದನು. ಆ ಅಂಜಿಕೆಯನ್ನು ನಾವು ಹಾಸ್ಯಮಾಡುವದಿಲ್ಲ. ಆದರೂ ಕೈಯನ್ನು ಕೊಡಬಹುದಾಗಿತ್ತೆಂದು ನಮಗೆ ತೋರುತ್ತದೆ.

ಎರಡು ವರುಷಗಳಾದ ಮೇಲೆ, 1531ರ ಅಕ್ಟೋಬರ 11ರಂದು, ಜೂರಿಕಿನ ದಂಡಿನ ಸಂಗಡ ಹೋದ ಜ್ವಿಂಗ್ಲಿಯು ಕಾಪೆಲ್ ಎಂಬಲ್ಲಿ ರೋಮನ್ ಪಕ್ಷದ ಸೀಮೆಗಳವರ ಕೈಯಿಂದ ಹತನಾದನು. ಬೋಧಕನು ದಂಡಿನೊಡನೆ ಹೋದದ್ದನ್ನು ನಾವು ಹೊಗಳಲಾರೆವು.

1815ರಲ್ಲಿ ಬಾಸೆಲ್ ಪಟ್ಟಣದಲ್ಲಿ ಮಿಶನ್ ಸ್ಥಾಪಿತವಾದಾಗ, ಜ್ವಿಂಗ್ಲಿಯ ಕಡೆಯ ಸ್ವಿಸ್ಸರೂ ಲೂಥರನ ಕಡೆಯ ವ್ಯುರ್ಟೆಂಬೆರ್ಗಿನವರೂ ಅದರಲ್ಲಿ ಒಟ್ಟುಗೂಡಿದರು. ಆ ಮಿಶನಿನವರೇ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1851ರಲ್ಲಿ ನಮ್ಮ ನೆರೆಯ ಗುಳೇದಗುಡ್ಡಕ್ಕೂ ಬಂದು ನೆಲಸಿದರು. ಯುರೋಪಿನ ಸಭೆಗಳಾದರೋ ಇನ್ನೂ ತಡಮಾಡಿದವು. 1973ನೇ ಮಾರ್ಚ್ 16ರಂದು ಬಾಸೆಲಿನ ಸಮೀಪದ ಲಾಯೆನ್‌ಬೆರ್ಗ್ ಎಂಬಲ್ಲಿ ಉಭಯ ಪಕ್ಷದವರು ಕೂಡಿ, ಒಬ್ಬರ ಪಂಕ್ತಿಯಲ್ಲಿ ಮತ್ತೊಬ್ಬರು ಭಾಗಿಗಳಾಗಬಹುದೆಂಬ ಒಡಂಬಡಿಕೆಯನ್ನು ಸಿದ್ಧಮಾಡಿದರು. ಮಾರ್ಬುರ್ಗಿನ ಕೂಟವಾಗಿ ಆಗ 444ನೇ ವರುಷ ನಡೆಯುತ್ತಿತ್ತು.