ಕಾಲು ಉಳಿಸಿದ ಲಿಸ್ಟರ್

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಕೈಕಾಲೇ ಮೂಲಧನ. ಬ್ಯಾಂಕಿನ ಲೆಕ್ಕಕ್ಕೆ ಸಿಗದ ಈ ಧನದ ಬೆಲೆ ತಿಳಿಯುವುದು ಅದು ಕೈಬಿಟ್ಟಾಗಲೇ. ಇಂಥ ಧನವನ್ನು ಅಸಂಖ್ಯ ಜನರಿಗೆ ಉಳಿಸಿಕೊಟ್ಟ ಜೋಸೆಫ್ ಲಿಸ್ಟರನ ಚರಿತ್ರೆಯನ್ನು ನಾಡಹಬ್ಬದ ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಲಿಸ್ಟರನು 1827ನೆಯ ಇಸವಿ ಏಪ್ರಿಲ್ 5ರಂದು ಇಂಗ್ಲೆಂಡಿನ ಅಪ್ಟನ್ ಎಂಬಲ್ಲಿ ಜನಿಸಿದನು. ತಂದೆ ವ್ಯಾಪಾರಿಯಾದರೂ ಬಿಡುವಿನಲ್ಲಿ ಸೂಕ್ಷ್ಮದರ್ಶಕವನ್ನು ಸುಧಾರಿಸಿ ವಿದ್ವಾಂಸರ ಮನ್ನಣೆ ಪಡೆದವನು. ಬರಿಗಣ್ಣಿಗೆ ಕಾಣದ್ದನ್ನು ಹುಡುಕುವ ಅಭ್ಯಾಸ ಮಗನಿಗೆ ಮನೆಯಲ್ಲೇ ಬಂದಿತು. ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತು, ಎಡಿನ್‌ಬರೋದ ಶಸ್ತ್ರವೈದ್ಯ ಸೈಮನ ಶಿಷ್ಯನಾಗಿ, 1856ರಲ್ಲಿ ಗುರುಪುತ್ರಿ ಆಗ್ನೆಸಳ ಕೈಹಿಡಿದನು. 1860ರಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾದನು.

ಆ ಕಾಲದಲ್ಲಿ ಚರ್ಮ ಹರಿದು ಮೂಳೆ ಮುರಿದರೆ ಕಾಲನ್ನು ಕತ್ತರಿಸುವುದೇ ವಾಡಿಕೆ. ಬಿಟ್ಟರೆ ಗಾಯ ಕೊಳೆತು ಸಾವು. ಕತ್ತರಿಸಿದರೂ ಆ ಗಾಯವೇ ಕೊಳೆತು ಎಷ್ಟೋ ಮಂದಿ ಸಾಯುತ್ತಿದ್ದರು. ಕೆಟ್ಟ ಗಾಳಿಯೇ ಕಾರಣವೆಂದು ವೈದ್ಯರು ನಂಬಿದ್ದರು. ಹಾಗಾದರೆ ಚರ್ಮ ಹರಿಯದೆ ಮೂಳೆ ಮಾತ್ರ ಮುರಿದವರು ಅದೇ ಗಾಳಿಯಲ್ಲಿ ಮಲಗಿ ಗುಣವಾಗುವುದೇಕೆ? ಈ ಪ್ರಶ್ನೆ ಲಿಸ್ಟರನನ್ನು ಕಾಡಿತು. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬನು ಫ್ರಾನ್ಸಿನ ಪಾಶ್ಚರನ ಲೇಖನಗಳತ್ತ ಅವನ ಗಮನ ಸೆಳೆದನು. ಪದಾರ್ಥ ಕೊಳೆಯುವುದು ಸೂಕ್ಷ್ಮಜೀವಿಗಳಿಂದ ಎಂದು ಅಲ್ಲಿತ್ತು. ಗಾಯವೂ ಹಾಗೆಯೇ ಕೊಳೆಯುವುದೆಂದು ಲಿಸ್ಟರನಿಗೆ ಹೊಳೆಯಿತು. ಕಾರ್ಲೈಲ್ ಪಟ್ಟಣದವರು ಚರಂಡಿ ನೀರಿನ ನಾತ ತಡೆಯಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಅವನು ಆರಿಸಿಕೊಂಡನು.

1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಬಾಲಕನನ್ನು ಆಸ್ಪತ್ರೆಗೆ ತಂದರು. ಗಾಡಿಯ ಚಕ್ರ ಹರಿದು ಎಡಗಾಲು ಮುರಿದಿತ್ತು. ಲಿಸ್ಟರನು ಕತ್ತಿ ಎತ್ತಲಿಲ್ಲ. ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ಗಾಯಕ್ಕಿಟ್ಟು, ದಬ್ಬೆ ಕಟ್ಟಿ ಕಾದನು. ನಾಲ್ಕು ದಿನದ ಮೇಲೆ ಬಿಚ್ಚಿ ನೋಡಿದರೆ ಕೀವಿಲ್ಲ, ನಾತವಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿ, ಹುಡುಗನ ಕಾಲು ಉಳಿಯಿತು.

ಲೆಕ್ಕ ಬರೆದೇ ಬದುಕುವ ನಾವು ಲಿಸ್ಟರನ ಲೆಕ್ಕವನ್ನು ವಿಶೇಷವಾಗಿ ಮೆಚ್ಚುತ್ತೇವೆ. ಇಂಥ 11 ರೋಗಿಗಳ ವೃತ್ತಾಂತವನ್ನು ಅವನು 1867ರಲ್ಲಿ ಪ್ರಕಟಿಸಿದನು. ಒಬ್ಬ ಸತ್ತುದನ್ನೂ, ಇನ್ನೊಬ್ಬನ ಕಾಲು ಕತ್ತರಿಸಬೇಕಾದುದನ್ನೂ ಮುಚ್ಚಿಡಲಿಲ್ಲ. 1870ರಲ್ಲಿ ಅಂಗಚ್ಛೇದದ ಲೆಕ್ಕವನ್ನೂ ಕೊಟ್ಟನು: ಹೊಸ ಪದ್ಧತಿಗೆ ಮೊದಲು 35 ಮಂದಿಯಲ್ಲಿ 16 ಸಾವು, ಅನಂತರ 40 ಮಂದಿಯಲ್ಲಿ 6.

ಆದರೂ ಲಂಡನ್ನಿನ ದೊಡ್ಡ ವೈದ್ಯರು ಹಲವರು ನಕ್ಕರು. ಕಾಣದ ಕ್ರಿಮಿಗೆ ಇಷ್ಟೊಂದು ಸಡಗರವೇ ಎಂದು ಅವರ ಹಾಸ್ಯ. ಲಿಸ್ಟರನು ಜಗಳವಾಡದೆ ಕೆಲಸ ಮುಂದುವರಿಸಿದನು. ಕ್ಷಯದಿಂದ ಒಂದು ಕಾಲನ್ನು ಆಗಲೇ ಕಳೆದುಕೊಂಡಿದ್ದ ಕವಿ ಹೆನ್ಲಿಯು 1873ರಲ್ಲಿ ಇನ್ನೊಂದಾದರೂ ಉಳಿಯಲೆಂದು ಎಡಿನ್‌ಬರೋಕ್ಕೆ ಬಂದನು. ದೀರ್ಘ ಚಿಕಿತ್ಸೆಯ ಬಳಿಕ 1875ರಲ್ಲಿ ಆ ಕಾಲಿನೊಡನೆಯೇ ಹೊರಟನು.

1877ರಲ್ಲಿ ಲಿಸ್ಟರನು ಲಂಡನ್ನಿಗೇ ಹೋಗಿ ವಿರೋಧಿಗಳನ್ನೂ ಒಲಿಸಿಕೊಂಡನು. 1897ರಲ್ಲಿ ಲಾರ್ಡ್ ಪದವಿ ಬಂದಿತು. ಎಲ್ಲ ಪ್ರಯೋಗಗಳಲ್ಲೂ ನೆರವಾಗಿದ್ದ ಆಗ್ನೆಸಳು 1893ರಲ್ಲೇ ತೀರಿಕೊಂಡಿದ್ದಳು. 1912ರ ಫೆಬ್ರವರಿ 10ರಂದು ಅವನೂ ಕಣ್ಮುಚ್ಚಿದನು.

ಇಂದು ಕಾರ್ಬಾಲಿಕ್ ಹಿಂದೆ ಸರಿದಿದೆ. ಗಾಯವನ್ನು ತೊಳೆದು, ಸತ್ತ ಮಾಂಸ ತೆಗೆದು, ಹರಿದ ರಕ್ತನಾಳವನ್ನು ಹೊಲಿದು, ಕ್ರಿಮಿನಾಶಕ ಔಷಧ ಕೊಟ್ಟು ಕಾಲು ಉಳಿಸುತ್ತಾರೆ. ಆದರೆ ಕೊಳೆಯದಂತೆ ಕಾಯ್ದರೆ ಕತ್ತರಿಸಬೇಕಾಗದು ಎಂಬ ಮೂಲತತ್ತ್ವ ಲಿಸ್ಟರನದೇ. ಮನೆಯಲ್ಲಿ ಯಾರ ಕಾಲಿಗಾದರೂ ಪೆಟ್ಟಾದರೆ, ಅದರಲ್ಲೂ ಸಕ್ಕರೆ ಕಾಯಿಲೆಯ ಹಿರಿಯರಿಗಾದರೆ, ಗಾಯ ಸಣ್ಣದೆಂದು ಉದಾಸೀನ ಮಾಡದೆ ಶುಚಿಗೊಳಿಸಿ ವೈದ್ಯರಿಗೆ ತೋರಿಸೋಣ. ಆ ಮಹನೀಯನಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.