ಪಶ್ಚಿಮದ್ವಾರದ ಪಾಲಕ: ಈಲಿ ಪಾರ್ಕರ್‌ನ ಕುಲವೃತ್ತಾಂತ ಮತ್ತು ಸೈನಿಕ ಸೇವೆ

ಅಮೆರಿಕದ ಅಂತರ್ಯುದ್ಧದ ಚರಿತ್ರೆಯಲ್ಲಿ ಈಲಿ ಸ್ಯಾಮ್ಯುಯೆಲ್ ಪಾರ್ಕರ್‌ನ (1828–1895) ಹೆಸರು ಸಾಮಾನ್ಯವಾಗಿ ಒಂದೇ ದಿನದ, ಒಂದೇ ಪತ್ರದ ಸಂದರ್ಭದಲ್ಲಿ ಪ್ರಸ್ತಾಪವಾಗುತ್ತದೆ. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮಾಟಕ್ಸ್‌ನಲ್ಲಿ ದಕ್ಷಿಣದ ಸೇನಾನಿ ರಾಬರ್ಟ್ ಲೀ ಉತ್ತರದ ಸೇನಾಧಿಪತಿ ಯುಲಿಸಿಸ್ ಗ್ರಾಂಟ್‌ಗೆ ಶರಣಾದಾಗ, ಶರಣಾಗತಿಯ ಷರತ್ತುಗಳ ಅಂತಿಮ ಪ್ರತಿಯನ್ನು ಶಾಯಿಯಲ್ಲಿ ಬರೆದವನು ಈತ. ಆದರೆ ಯಾವ ದೇಶದ ಸಮವಸ್ತ್ರವನ್ನು ತೊಟ್ಟು ಅವನು ಅಲ್ಲಿದ್ದನೋ ಆ ದೇಶದ ಪೌರತ್ವ ಅವನಿಗಿರಲಿಲ್ಲ. ಅವನು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದ ಸೆನೆಕಾ ಎಂಬ ಮೂಲನಿವಾಸಿ ಸಮುದಾಯದ ಮುಖಂಡನಾಗಿದ್ದನು. ಅವನ ಸೈನಿಕ ಸೇವೆಯನ್ನು ಕುಲದ ಚರಿತ್ರೆಯಿಂದ ಬೇರ್ಪಡಿಸಿ ನೋಡಿದರೆ ಎರಡೂ ಅಪೂರ್ಣವಾಗುತ್ತವೆ.

ಸೆನೆಕಾ ಸಮುದಾಯವು ಇರೊಕ್ವಾ ಒಕ್ಕೂಟದ ಆರು ಜನಾಂಗಗಳಲ್ಲಿ ಒಂದು. ಒಕ್ಕೂಟವನ್ನು ಒಂದು ಉದ್ದನೆಯ ಮನೆಯೆಂದು ಭಾವಿಸಿದರೆ ಅದರ ಪಶ್ಚಿಮದ ಬಾಗಿಲನ್ನು ಕಾಯುವವರು ಸೆನೆಕಾಗಳು. ಇವರಲ್ಲಿ ಬಳಿ, ಹೆಸರು ಮತ್ತು ಅಧಿಕಾರಗಳು ತಾಯಿಯ ಕಡೆಯಿಂದ ಬರುತ್ತವೆ. ಕರಾವಳಿಯ ಅಳಿಯಸಂತಾನ ಪದ್ಧತಿಯನ್ನು ಬಲ್ಲವರಿಗೆ ಈ ವ್ಯವಸ್ಥೆ ತೀರ ಅಪರಿಚಿತವೆನಿಸದು. ಪಾರ್ಕರ್‌ನ ತಂದೆ ವಿಲಿಯಂ 1812ರ ಯುದ್ಧದಲ್ಲಿ ಅಮೆರಿಕದ ಪರವಾಗಿ ಹೋರಾಡಿದವನು. ತಾಯಿ ಎಲಿಜಬೆತ್ ತೋಳದ ಬಳಿಗೆ ಸೇರಿದವಳು. 1799ರಿಂದ ಸೆನೆಕಾಗಳಲ್ಲಿ ಹೊಸ ಧಾರ್ಮಿಕ ಮಾರ್ಗವನ್ನು ಬೋಧಿಸಿದ ಹ್ಯಾಂಡ್ಸಮ್ ಲೇಕ್‌ನ ವಂಶದೊಡನೆ ಆಕೆಗೆ ಸಂಬಂಧವಿತ್ತು. ಬಸುರಿಯಾಗಿದ್ದಾಗ ಆಕೆ ಕನಸಿನಲ್ಲಿ ತುಂಡಾದ ಕಾಮನಬಿಲ್ಲನ್ನು ಕಂಡಳೆಂದೂ, ಹುಟ್ಟುವ ಮಗನು ಬಿಳಿಯರ ನಡುವೆ ಯೋಧನಾಗಿ, ಶಾಂತಿಯನ್ನು ತರುವವನಾಗಿ ಬಾಳಿ, ಕೊನೆಗೆ ಪೂರ್ವಜರ ನೆಲಕ್ಕೆ ಮರಳುವನೆಂದು ಸ್ವಪ್ನಫಲ ಹೇಳುವವನು ತಿಳಿಸಿದನೆಂದೂ ಮನೆತನದ ಐತಿಹ್ಯವಿದೆ. ಪಾರ್ಕರ್‌ನ ಸಹೋದರ ನಿಕಲ್ಸನ್‌ನ ಮೊಮ್ಮಗ, ಪುರಾತತ್ತ್ವಜ್ಞ ಆರ್ಥರ್ ಪಾರ್ಕರ್ 1919ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಇದು ದಾಖಲಾಗಿದೆ. ಬಾಳು ಮುಗಿದ ಮೇಲೆ ಬರಹಕ್ಕಿಳಿದ ಈ ಐತಿಹ್ಯವನ್ನು ಭವಿಷ್ಯವಾಣಿ ಎನ್ನುವುದಕ್ಕಿಂತ, ಮನೆತನವು ತನ್ನವನ ಬಾಳನ್ನು ಅರ್ಥಮಾಡಿಕೊಂಡ ಬಗೆ ಎಂದು ಪರಿಗಣಿಸುವುದು ಉಚಿತ.

ಬ್ಯಾಪ್ಟಿಸ್ಟ್ ಮಿಷನ್ ಶಾಲೆಯಲ್ಲಿ ಕಲಿತ ಇಂಗ್ಲಿಷು ಪಾರ್ಕರ್‌ನನ್ನು ಹದಿಹರೆಯದಲ್ಲಿಯೇ ಸಮುದಾಯದ ದುಭಾಷಿ ಹಾಗೂ ಲಿಪಿಕಾರನನ್ನಾಗಿಸಿತು. 1838 ಮತ್ತು 1842ರ ಒಪ್ಪಂದಗಳ ಪ್ರಕಾರ ಅವನ ಹುಟ್ಟೂರಾದ ಟೊನವಾಂಡದ ಭೂಮಿಯು ಆಗ್ಡೆನ್ ಭೂ ಕಂಪನಿಯ ಪಾಲಾಗಬೇಕಿತ್ತು. ಟೊನವಾಂಡದ ಜನ ಇದಕ್ಕೆ ಒಪ್ಪಲಿಲ್ಲ. ಹಿರಿಯರೊಡನೆ ಆಲ್ಬನಿಗೂ ವಾಷಿಂಗ್ಟನ್ನಿಗೂ ಅಲೆದು, ಅವರ ಮಾತನ್ನು ಅರ್ಜಿಯ ಭಾಷೆಗೆ ತಂದವನು ಪಾರ್ಕರ್. ಮುಂದೆ ಅವನು ಕಾನೂನನ್ನೂ ಅಭ್ಯಾಸ ಮಾಡಿದನು. ಆದರೆ ಪೌರನಲ್ಲವೆಂಬ ಕಾರಣಕ್ಕೆ ವಕೀಲಿಯ ಬಾಗಿಲು ಮುಚ್ಚಿತು. ಆಗ ಇಂಜಿನಿಯರ್ ವೃತ್ತಿಯನ್ನು ಹಿಡಿದು ನ್ಯೂಯಾರ್ಕ್ ರಾಜ್ಯದ ಕಾಲುವೆಗಳ ಕಾಮಗಾರಿಯಲ್ಲಿ ತೊಡಗಿದನು. 1851ರಲ್ಲಿ ತೋಳದ ಬಳಿಯ ಮುಖಂಡ ಜಾನ್ ಬ್ಲ್ಯಾಕ್‌ಸ್ಮಿತ್‌ನ ಮರಣಾನಂತರ, ಪಶ್ಚಿಮದ್ವಾರವನ್ನು ಕಾಯುವ ಡೊನೆಹೊಗಾವಾ ಎಂಬ ಪದವಿ ಅವನಿಗೆ ಬಂದಿತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1792ರಲ್ಲಿ ಸೆನೆಕಾ ವಾಗ್ಮಿ ರೆಡ್ ಜಾಕೆಟ್‌ಗೆ ನೀಡಿದ್ದ ಬೆಳ್ಳಿಯ ಪದಕವೂ ಪಾರ್ಕರ್‌ನ ಕೈಸೇರಿತು. 1857ರ ಒಪ್ಪಂದದ ಮೂಲಕ ಟೊನವಾಂಡದ ಜನರು ತಮ್ಮ ನೆಲದಲ್ಲಿ ಸುಮಾರು 7,500 ಎಕರೆಯನ್ನು ಹಣ ಕೊಟ್ಟು ಮರಳಿ ಪಡೆದರು. ತಮ್ಮದೇ ಭೂಮಿಯನ್ನು ತಾವೇ ಕೊಳ್ಳಬೇಕಾಗಿ ಬಂದ ಈ ಗೆಲುವಿನಲ್ಲಿ ಪಾರ್ಕರ್‌ನ ಲೇಖನಿಯ ಪಾಲು ಹಿರಿದು.

ಇದೇ ಅವಧಿಯ ಇನ್ನೊಂದು ಸಂಬಂಧ ಕನ್ನಡದ ಅಧ್ಯಯನಕಾರರಿಗೂ ಪ್ರಸ್ತುತವಾದುದು. 1844ರಲ್ಲಿ ಆಲ್ಬನಿಯ ಪುಸ್ತಕದಂಗಡಿಯೊಂದರಲ್ಲಿ ಪಾರ್ಕರ್‌ಗೆ ವಕೀಲ ಲೂಯಿಸ್ ಹೆನ್ರಿ ಮಾರ್ಗನ್‌ನ ಪರಿಚಯವಾಯಿತು. ಪಾರ್ಕರ್ ಮತ್ತು ಅವನ ಮನೆಯವರು ನೀಡಿದ ಮಾಹಿತಿಯಿಂದ ಬೆಳೆದ ಇರೊಕ್ವಾ ಕುರಿತ ಗ್ರಂಥವನ್ನು ಮಾರ್ಗನ್ 1851ರಲ್ಲಿ ಪಾರ್ಕರ್‌ಗೇ ಅರ್ಪಿಸಿದನು. ತಂದೆಯ ಸಹೋದರನೂ ತಂದೆ, ತಾಯಿಯ ಸಹೋದರಿಯೂ ತಾಯಿ ಎಂಬ ಸೆನೆಕಾ ಸಂಬಂಧವಾಚಕಗಳ ಕ್ರಮವು ಮಾರ್ಗನ್‌ನನ್ನು ಜಗತ್ತಿನ ಇತರ ಭಾಷೆಗಳತ್ತ ಒಯ್ದಿತು. 1871ರಲ್ಲಿ ಹೊರಬಂದ ಅವನ ಬೃಹತ್ ಗ್ರಂಥದ ಕೋಷ್ಟಕಗಳಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡದ ಸಂಬಂಧವಾಚಕಗಳೂ ಸೇರಿವೆ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂಬ ಪದಗಳನ್ನು ಇರೊಕ್ವಾ ಪದಗಳ ಪಕ್ಕದಲ್ಲಿಟ್ಟು ನೋಡುವ ಅಧ್ಯಯನ ಪರಂಪರೆಯ ಮೂಲದಲ್ಲಿ ಪಾರ್ಕರ್‌ನ ಮನೆತನವಿದೆ.

1857ರಲ್ಲಿ ಸರ್ಕಾರಿ ಕಟ್ಟಡಗಳ ಮೇಲ್ವಿಚಾರಕನಾಗಿ ಇಲಿನಾಯ್‌ನ ಗಲೀನಾ ಪಟ್ಟಣಕ್ಕೆ ಹೋದ ಪಾರ್ಕರ್‌ಗೆ, 1860ರಲ್ಲಿ ಅಲ್ಲಿಗೆ ಬಂದು ತಂದೆಯ ಚರ್ಮದಂಗಡಿಯಲ್ಲಿ ಗುಮಾಸ್ತನಾಗಿದ್ದ ಗ್ರಾಂಟ್‌ನ ಸ್ನೇಹ ದೊರಕಿತು. ಯುದ್ಧ ಆರಂಭವಾದಾಗ ಪಾರ್ಕರ್ ಸೇವೆಗೆ ಮುಂದೆ ಬಂದನು. ನ್ಯೂಯಾರ್ಕಿನ ಗವರ್ನರ್ ನಿರಾಕರಿಸಿದನು. ಇದು ಬಿಳಿಯರ ಜಗಳ, ಅದನ್ನು ಅವರೇ ತೀರಿಸಿಕೊಳ್ಳುವರು ಎಂಬರ್ಥದ ಉತ್ತರ ವಿದೇಶಾಂಗ ಕಾರ್ಯದರ್ಶಿ ಸೀವರ್ಡ್‌ನಿಂದ ಬಂದಿತು. ಸೇನೆಗೆ ಇಂಜಿನಿಯರುಗಳ ಅಗತ್ಯವಿದ್ದರೂ ಎರಡು ವರ್ಷ ಅವನು ಕಾಯಬೇಕಾಯಿತು. ಕೊನೆಗೆ 1863ರ ಮೇ ತಿಂಗಳಲ್ಲಿ ಕ್ಯಾಪ್ಟನ್ ಹುದ್ದೆ ದೊರೆತು, ಜನರಲ್ ಜಾನ್ ಸ್ಮಿತ್‌ನ ದಳವನ್ನು ವಿಕ್ಸ್‌ಬರ್ಗ್‌ನಲ್ಲಿ ಸೇರಿದನು. ಅದೇ ವರ್ಷ ಗ್ರಾಂಟ್‌ನ ಸಿಬ್ಬಂದಿಗೆ ವರ್ಗವಾಗಿ ಚಟನೂಗ, ವೈಲ್ಡರ್‌ನೆಸ್, ಪೀಟರ್ಸ್‌ಬರ್ಗ್ ಕಾರ್ಯಾಚರಣೆಗಳಲ್ಲಿ ಜೊತೆಗಿದ್ದನು. 1864ರ ಆಗಸ್ಟ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ದರ್ಜೆಯೊಡನೆ ಗ್ರಾಂಟ್‌ನ ಸೇನಾ ಕಾರ್ಯದರ್ಶಿಯಾದನು. ಅವನ ಸಹೋದರ ನ್ಯೂಟನ್ ನ್ಯೂಯಾರ್ಕಿನ 132ನೆಯ ಪದಾತಿದಳದಲ್ಲಿ ಸಾರ್ಜೆಂಟ್ ಆಗಿದ್ದನು.

ಅಪೊಮಾಟಕ್ಸ್‌ನಲ್ಲಿ ಗ್ರಾಂಟ್ ಸೀಸದ ಕಡ್ಡಿಯಲ್ಲಿ ಬರೆದ ಷರತ್ತುಗಳನ್ನು ಶಾಯಿಯಲ್ಲಿ ನಕಲು ಮಾಡುವ ಕೆಲಸ ಮೊದಲು ಬಂದದ್ದು ಬವರ್ಸ್ ಎಂಬ ಅಧಿಕಾರಿಗೆ. ಉದ್ವೇಗದಿಂದ ಅವನಿಗೆ ಬರೆಯಲಾಗದೆ ಕಾಗದವು ಪಾರ್ಕರ್‌ನ ಕೈಗೆ ಬಂದಿತು. ಆ ದಿನದ ದಿನಾಂಕದಿಂದಲೇ ಅನ್ವಯವಾಗುವಂತೆ ಅವನಿಗೆ ಬ್ರಿಗೇಡಿಯರ್ ಜನರಲ್ ಗೌರವದರ್ಜೆ ಸಂದಿತು. ಟೊನವಾಂಡದ ಅರ್ಜಿಗಳನ್ನು ಬರೆದು ಪಳಗಿದ ಕೈಯಲ್ಲಿ ಈ ಪತ್ರವೂ ರೂಪುಗೊಂಡಿತೆಂಬುದು ಗಮನಾರ್ಹ.

ಇದರ ಮುಂದಿನ ಘಟ್ಟವೇ ಪಾರ್ಕರ್‌ನ ಬಾಳಿನ ಜಟಿಲ ಭಾಗ. ಅಧ್ಯಕ್ಷನಾದ ಗ್ರಾಂಟ್ 1869ರಲ್ಲಿ ಅವನನ್ನು ಮೂಲನಿವಾಸಿ ವ್ಯವಹಾರಗಳ ಆಯುಕ್ತನನ್ನಾಗಿ ನೇಮಿಸಿದನು. ಆ ಸ್ಥಾನಕ್ಕೇರಿದ ಮೊದಲ ಮೂಲನಿವಾಸಿ ಅವನೇ. ಆದರೆ ಮೂಲನಿವಾಸಿ ಸಮುದಾಯಗಳನ್ನು ಸ್ವತಂತ್ರ ರಾಷ್ಟ್ರಗಳೆಂದು ಭಾವಿಸಿ ಒಪ್ಪಂದ ಮಾಡಿಕೊಳ್ಳುವ ಕ್ರಮ ನಿಲ್ಲಬೇಕೆಂದು ಅದೇ ವರ್ಷದ ವರದಿಯಲ್ಲಿ ಅವನು ವಾದಿಸಿದನು. 1871ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಆ ಕ್ರಮವನ್ನು ಕೊನೆಗೊಳಿಸಿತು. ಒಪ್ಪಂದದ ಬಲದಿಂದಲೇ ತನ್ನ ನೆಲವನ್ನು ಉಳಿಸಿಕೊಂಡ ಸಮುದಾಯದ ದ್ವಾರಪಾಲಕನು ಇತರರಿಗೆ ಆ ಆಸರೆ ಬೇಡವೆಂದುದು ಸುಲಭವಾಗಿ ಸಮರ್ಥಿಸಲಾಗದ ನಿಲುವು. ಪೌರತ್ವವಿಲ್ಲದೆ ತಾನು ಪಟ್ಟ ಪಾಡೇ ಅವನನ್ನು ಹೀಗೆ ಯೋಚಿಸುವಂತೆ ಮಾಡಿರಬಹುದು. ಸೇನೆಯ ಶಿಸ್ತಿನಲ್ಲಿ ಅವನಿಟ್ಟ ವಿಶ್ವಾಸವೂ ಕಾರಣವಾಗಿರಬಹುದು. ಇಷ್ಟಾದರೂ ಅವನ ಮೇಲೆ ಅಕ್ರಮದ ಆರೋಪ ಬಂದಿತು. ಸಂಸತ್ತಿನ ಸಮಿತಿಯು ಅವನಲ್ಲಿ ವಂಚನೆಯನ್ನೇನೂ ಕಾಣಲಿಲ್ಲ. ಆದರೆ ಅಧಿಕಾರವು ಮೊಟಕಾದುದರಿಂದ 1871ರಲ್ಲಿ ಅವನು ರಾಜೀನಾಮೆ ನೀಡಿದನು. ವ್ಯಾಪಾರದಲ್ಲಿ ಗಳಿಸಿದ್ದನ್ನು ಕಳೆದುಕೊಂಡ ಬಳಿಕ ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆಯ ಗುಮಾಸ್ತನಾಗಿ ಕೊನೆಯ ವರ್ಷಗಳನ್ನು ಕಳೆದನು.

ಅವನು 1867ರಲ್ಲಿ ಮಿನ್ನಿ ಸ್ಯಾಕೆಟ್ ಎಂಬ ಬಿಳಿಯ ಯುವತಿಯನ್ನು ವರಿಸಿದ್ದನು. ಸೆನೆಕಾ ಕ್ರಮದಲ್ಲಿ ಬಳಿಯು ತಾಯಿಯಿಂದ ಬರುವುದರಿಂದ, 1878ರಲ್ಲಿ ಜನಿಸಿದ ಮಗಳು ಮಾಡ್ ತಂದೆಯ ಬಳಿಗೆ ಸೇರಲಿಲ್ಲ. ಜೀವನಚರಿತ್ರೆ ಬರೆದ ಆರ್ಥರ್‌ನ ಸ್ಥಿತಿಯೂ ಹೀಗೆಯೇ. ಅವನು ದತ್ತು ಸ್ವೀಕಾರದ ಮೂಲಕ ಸೆನೆಕಾ ಆದವನು. ಪಾರ್ಕರ್‌ನ ವೃತ್ತಾಂತವನ್ನು ಉಳಿಸಿದವನು ಹುಟ್ಟಿನಿಂದ ಅವನ ಕುಲದವನಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

1895ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್‌ನ ಫೇರ್‌ಫೀಲ್ಡ್‌ನಲ್ಲಿ ಪಾರ್ಕರ್ ನಿಧನನಾದನು. 1897ರಲ್ಲಿ ಅವನ ಅವಶೇಷಗಳನ್ನು ಸೆನೆಕಾಗಳ ಹಳೆಯ ನೆಲವಾದ ಬಫಲೋಗೆ ತಂದು ರೆಡ್ ಜಾಕೆಟ್‌ನ ಸಮಾಧಿಯ ಬಳಿ ಹೂಳಲಾಯಿತು. 2021ರಲ್ಲಿ ಬಫಲೋದ ವಸ್ತುಸಂಗ್ರಹಾಲಯವು ಬೆಳ್ಳಿಯ ಪದಕವನ್ನು ಸೆನೆಕಾ ಜನಾಂಗಕ್ಕೆ ಮರಳಿಸಿತು. 2025ರ ನವೆಂಬರ್‌ನಲ್ಲಿ ಅದೇ ನಗರದ ನ್ಯಾಯಾಲಯವೊಂದರಲ್ಲಿ ಪಾರ್ಕರ್‌ಗೆ ಮರಣೋತ್ತರವಾಗಿ ವಕೀಲಿಯ ಸನ್ನದು ನೀಡಲಾಯಿತು. ಸೇನೆ ಕೊಟ್ಟ ದರ್ಜೆಯು ಅವನ ಕಾಲಕ್ಕೇ ಮುಗಿಯಿತು. ತೋಳದ ಬಳಿಯ ಹೆಂಗಸರು ಕಾಪಾಡಿಕೊಂಡು ಬಂದ ದ್ವಾರಪಾಲಕ ಪದವಿಯು ಮಾತ್ರ ಅವನ ನಂತರ ಅದೇ ಬಳಿಗೆ ಮರಳಿತು.